ಡ್ರೋನ್ ರೆಕ್ಕೆಗೆ ಮರಳು ಚೀಲದ ಪರೀಕ್ಷೆ

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ 2 ಕಿಲೋ ತೂಕದ, ರೆಕ್ಕೆಯುಳ್ಳ ಡ್ರೋನ್ ತಯಾರಿಸಿದ್ದೇವೆ. ಹಾರಾಟದಲ್ಲಿ ರೆಕ್ಕೆಯ ಮೇಲೆ ಬೀಳುವ ಹೊರೆಯನ್ನು ಗಾಳಿ ಸುರಂಗವಿಲ್ಲದೆ ಪರೀಕ್ಷಿಸಬಹುದೇ?
– ಮೆಕ್ಯಾನಿಕಲ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಧಾರಾಳವಾಗಿ ಪರೀಕ್ಷಿಸಬಹುದು. ನೇರ, ಸಮತಲ ಹಾರಾಟದಲ್ಲಿ ರೆಕ್ಕೆಯ ಎತ್ತುವ ಬಲವು ವಿಮಾನದ ತೂಕಕ್ಕೆ ಸಮನಾಗಿದ್ದು, ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗುವಾಗ ಅದು ಎರಡು ಪಟ್ಟಾಗುತ್ತದೆ. ಗಾಳಿಯ ಹೊಡೆತವನ್ನೂ ಗಣಿಸಿ ಮೂರು ಪಟ್ಟನ್ನು ಮಿತಿಯಾಗಿ ಇಟ್ಟುಕೊಳ್ಳಿ. ಎತ್ತುವ ಬಲ ಮೇಲಕ್ಕೆ, ಮರಳಿನ ತೂಕ ಕೆಳಕ್ಕೆ ಇರುವುದರಿಂದ ಡ್ರೋನನ್ನು ಬೋರಲು ಹಾಕಿ, ನಡುಭಾಗವನ್ನು ಮಾತ್ರ ಆಧರಿಸಿ, ರೆಕ್ಕೆಯ ಮೇಲೆ ಸಣ್ಣ ಮರಳು ಚೀಲಗಳನ್ನು ಬುಡದ ಕಡೆ ಹೆಚ್ಚು, ತುದಿಯ ಕಡೆ ಕಡಿಮೆ ಇರುವಂತೆ ಹಂತ ಹಂತವಾಗಿ ಹೇರಿ.

ಇಲ್ಲಿ ಮರೆಯಬಾರದ ಲೆಕ್ಕವೊಂದಿದೆ. ಹಾರುವಾಗ ರೆಕ್ಕೆಯ ಸ್ವಂತ ತೂಕವು ಎತ್ತುವ ಬಲಕ್ಕೆ ಎದುರಾಗಿ ಬಾಗುವಿಕೆಯನ್ನು ತಗ್ಗಿಸುತ್ತದೆ. ಬೋರಲಾದಾಗ ಅದೇ ತೂಕ ಚೀಲಗಳ ಜೊತೆ ಸೇರಿಕೊಳ್ಳುತ್ತದೆ. ರೆಕ್ಕೆಗಳೆರಡೂ ಸೇರಿ 400 ಗ್ರಾಂ ಇದ್ದರೆ, ಉಳಿದ 1.6 ಕಿಲೋದ ಮೂರು ಪಟ್ಟಾದ 4.8 ಕಿಲೋದಿಂದ ಆ 400 ಗ್ರಾಂ ಕಳೆದು, 4.4 ಕಿಲೋ ಮರಳನ್ನಷ್ಟೇ ಹೇರಬೇಕು.

ಬಾಗುವಿಕೆ ಬುಡದಲ್ಲೇ ಗರಿಷ್ಠವಾದ್ದರಿಂದ, ಸ್ಟ್ರೇನ್ ಗೇಜ್‌ಗಳನ್ನು (ಹಿಗ್ಗು-ಕುಗ್ಗನ್ನು ಅಳೆಯುವ ತೆಳು ಪಟ್ಟಿಗಳು) ಅಲ್ಲಿಯ ಸ್ಪಾರ್‌ನ (ರೆಕ್ಕೆಯ ಉದ್ದಕ್ಕೂ ಸಾಗುವ ಮುಖ್ಯ ತೊಲೆ) ಮೇಲೊಂದು, ಕೆಳಗೊಂದು ಅಂಟಿಸಿ ಒಂದೇ ಬ್ರಿಡ್ಜ್‌ಗೆ (ಎರಡರ ವ್ಯತ್ಯಾಸವನ್ನು ಅಳೆಯುವ ವಿದ್ಯುತ್ ಮಂಡಲ) ಜೋಡಿಸಿರಿ. ಎರಡೂ ಸಮನಾಗಿ ಕಾಯುವುದರಿಂದ ನಿಮ್ಮೂರಿನ ಬೇಸಿಗೆಯ ಸೆಕೆ ಅಳತೆಯನ್ನು ಅಷ್ಟಾಗಿ ಕೆಡಿಸದು. ಮಿತಿ ಹೊರೆ ಇಳಿಸಿದ ಮೇಲೆ ರೆಕ್ಕೆ ಮೊದಲಿನ ಆಕಾರಕ್ಕೆ ಮರಳಬೇಕು, ಅದರ 1.5 ಪಟ್ಟಿಗೆ ಮುರಿಯದೆ ನಿಲ್ಲಬೇಕು. ಈ ಎರಡನೆಯ ಪರೀಕ್ಷೆಗೆ ಬೇರೆಯೇ ರೆಕ್ಕೆಯನ್ನು ಬಳಸಿ, ಅದನ್ನು ಮತ್ತೆ ಹಾರಿಸಬೇಡಿ.