ಓದುಗರ ಪ್ರಶ್ನೆ: ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಯಾರು ಅರ್ಹರು?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಶೇ 82 ಅಂಕ ಪಡೆದಿದ್ದೇನೆ. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಶೇ 80 ಬಂದಿದ್ದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಆದರೆ ವಿಜ್ಞಾನ ವಿಭಾಗದಲ್ಲಿ ಶೇ 85 ಪಡೆದ ನನ್ನ ಗೆಳತಿಗೆ ಅರ್ಹತೆಯಿಲ್ಲ ಎಂಬ ಉತ್ತರ ಬಂದಿದೆ. ಯಾವುದು ಸರಿ? (ವಿದ್ಯಾರ್ಥಿನಿ, ಹಾವೇರಿ)

ಉತ್ತರ: ನೀವು ಕೇಳುತ್ತಿರುವುದು ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯ ನಡೆಸುವ ಯೋಜನೆಯ ಬಗ್ಗೆ. ಅದರ ನಿಯಮದಲ್ಲಿರುವುದು ಶೇ 80 ಅಂಕವಲ್ಲ, 80ನೇ ಪರ್ಸೆಂಟೈಲ್. ಎರಡಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮದೇ ಪರೀಕ್ಷಾ ಮಂಡಳಿಯಲ್ಲಿ, ನಿಮ್ಮದೇ ವಿಭಾಗದಲ್ಲಿ ಆ ವರ್ಷ ತೇರ್ಗಡೆಯಾದವರನ್ನು ಅಂಕಗಳ ಕ್ರಮದಲ್ಲಿ ನಿಲ್ಲಿಸಿದರೆ, ಮೊದಲ ಐದನೇ ಒಂದು ಭಾಗದಲ್ಲಿ ನಿಮ್ಮ ಹೆಸರು ಬರಬೇಕು. ಒಂದು ಲಕ್ಷ ಮಂದಿ ತೇರ್ಗಡೆಯಾಗಿದ್ದರೆ, ಸರಿಸುಮಾರು ಮೊದಲ ಇಪ್ಪತ್ತು ಸಾವಿರ ಮಂದಿ ಮಾತ್ರ ಅರ್ಹರು. ಅಂಕಗಳು ಧಾರಾಳವಾಗಿ ಬಂದ ವರ್ಷ, ಆ ಇಪ್ಪತ್ತು ಸಾವಿರದ ಕೊನೆಯ ವಿದ್ಯಾರ್ಥಿಯ ಅಂಕ ಶೇ 85ನ್ನೂ ದಾಟಿರಬಹುದು. ಅದೇ ವರ್ಷ ಇನ್ನೊಂದು ವಿಭಾಗದಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ನಿಂತಿರಬಹುದು. ಹೀಗಾಗಿ ನೀವು ಅರ್ಹರಾಗಿ, ನಿಮಗಿಂತ ಹೆಚ್ಚು ಅಂಕ ಪಡೆದ ಗೆಳತಿ ಅರ್ಹರಾಗದೆ ಹೋಗುವುದರಲ್ಲಿ ಅನ್ಯಾಯವೇನೂ ಇಲ್ಲ. ನಿಮ್ಮ ವಿಭಾಗದ ಗಡಿ ಅಂಕ ಎಷ್ಟೆಂದು ಊಹಿಸಲು ಹೋಗದೆ ಅರ್ಜಿ ಸಲ್ಲಿಸಿ. ಶೇಕಡಾವಾರು ಅಂಕವನ್ನಷ್ಟೇ ನೋಡಿ, ತಮಗೆ ಸಿಗಲಾರದೆಂದು ಅರ್ಜಿಯನ್ನೇ ಹಾಕದೆ ಉಳಿಯುವ ಕಲಾ ಮತ್ತು ವಾಣಿಜ್ಯ ವಿಭಾಗದ ಮಕ್ಕಳ ವಿಷಯ ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಇಷ್ಟಾದರೂ, ಗಡಿ ದಾಟಿದವರಿಗೆಲ್ಲ ಹಣ ಬರುತ್ತದೆಂದು ತಿಳಿಯಬಾರದು. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಮಂಜೂರಾಗುವ ಹೊಸ ವಿದ್ಯಾರ್ಥಿವೇತನಗಳು ಗರಿಷ್ಠ 82,000. ಅವುಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಪ್ರತಿ ರಾಜ್ಯದ ಪಾಲು ಅಲ್ಲಿನ 18ರಿಂದ 25 ವರ್ಷದವರ ಜನಸಂಖ್ಯೆಯನ್ನು ಆಧರಿಸಿರುತ್ತದೆ. ಆ ಪಾಲನ್ನು ವಿಜ್ಞಾನ, ವಾಣಿಜ್ಯ ಮತ್ತು ಕಲಾ ವಿಭಾಗಗಳಿಗೆ 3:2:1ರ ಪ್ರಮಾಣದಲ್ಲಿ ಹಂಚಲಾಗುತ್ತದೆ. ಆದ್ದರಿಂದ ಅರ್ಹರ ಸಂಖ್ಯೆ ಹೆಚ್ಚಿದಾಗ ಅವರೊಳಗೂ ಅಂಕಗಳ ಪೈಪೋಟಿ ಇದ್ದೇ ಇರುತ್ತದೆ. ಆಯ್ಕೆಯಾದವರಿಗೆ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರ ಹಂತದಲ್ಲಿ ವರ್ಷಕ್ಕೆ 20,000 ರೂಪಾಯಿ ಸಿಗುತ್ತದೆ.

ಪ್ರಶ್ನೆ: ನಾವು ಪರಿಶಿಷ್ಟ ಜಾತಿಗೆ ಸೇರಿದವರು. ವಾರ್ಷಿಕ ಆದಾಯ ಎರಡು ಲಕ್ಷ ರೂಪಾಯಿ. ಮಗ ಎಂಜಿನಿಯರಿಂಗ್ ಸೇರಿದ್ದಾನೆ. ಕೇಂದ್ರದ ಈ ಪ್ರತಿಭಾ ವೇತನ ಮತ್ತು ಸಮಾಜ ಕಲ್ಯಾಣ ಇಲಾಖೆಯ ವೇತನ ಎರಡನ್ನೂ ಪಡೆಯಬಹುದೇ? (ಪೋಷಕರು, ರಾಯಚೂರು)

ಉತ್ತರ: ಎರಡನ್ನೂ ಪಡೆಯುವಂತಿಲ್ಲ. ಕೇಂದ್ರದ ಯೋಜನೆಗೆ ಕುಟುಂಬದ ಆದಾಯದ ಮಿತಿ 4.5 ಲಕ್ಷ ರೂಪಾಯಿ; ನೀವು ಅದರೊಳಗೇ ಇದ್ದೀರಿ. ಆದರೆ ಬೇರೆ ಯಾವುದೇ ವಿದ್ಯಾರ್ಥಿವೇತನ ಪಡೆಯುತ್ತಿರುವವರಿಗೆ ಅದು ಸಿಗುವುದಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ನೀವು ಹೇಳಿದ ಸಮಾಜ ಕಲ್ಯಾಣ ಇಲಾಖೆಯ ವೇತನವೆಂದರೆ ಮೆಟ್ರಿಕ್ (ಹತ್ತನೇ ತರಗತಿ) ನಂತರದ ವಿದ್ಯಾರ್ಥಿವೇತನ; ಅದಕ್ಕೆ ಪರಿಶಿಷ್ಟ ಜಾತಿಯವರ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಅದರಲ್ಲಿ ಮರುಪಾವತಿಯಾಗದ ಕಡ್ಡಾಯ ಶುಲ್ಕದ ಜೊತೆಗೆ ನಿರ್ವಹಣಾ ಭತ್ಯೆಯೂ ಸೇರುವುದರಿಂದ, ಎಂಜಿನಿಯರಿಂಗ್‌ನಂಥ ದುಬಾರಿ ಕೋರ್ಸಿಗೆ 12,000 ರೂಪಾಯಿಗಿಂತ ಅದೇ ಹೆಚ್ಚು ಆಸರೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮಗನ ಶುಲ್ಕದ ರಸೀದಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ ನಿರ್ಧರಿಸಿ.

ಇದಲ್ಲದೆ, ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆ ಪ್ರತ್ಯೇಕವಾಗಿ ಪ್ರೋತ್ಸಾಹಧನ ಕೊಡುತ್ತದೆ. ಅದು ಮುಗಿಸಿದ ಕೋರ್ಸಿಗೆ ಸಲ್ಲುವ ಬಹುಮಾನ. ಮಗ ಪಿಯುಸಿಯಲ್ಲಿ ಹಾಗೆ ತೇರ್ಗಡೆಯಾಗಿದ್ದರೆ ಅದಕ್ಕೂ ಅರ್ಜಿ ಹಾಕಿದ್ದೀರಾ ಎಂದು ನೋಡಿಕೊಳ್ಳಿ.

ಪ್ರಶ್ನೆ: ಮೊದಲ ವರ್ಷ ಕೇಂದ್ರದ ವೇತನ ಬಂದಿತ್ತು. ಎರಡನೇ ವರ್ಷ ಬರಲೇ ಇಲ್ಲ. ಒಮ್ಮೆ ಆಯ್ಕೆಯಾದರೆ ಕೋರ್ಸ್ ಮುಗಿಯುವವರೆಗೆ ಬರುತ್ತದಲ್ಲವೇ? (ಬಿ.ಕಾಂ. ವಿದ್ಯಾರ್ಥಿ, ತುಮಕೂರು)

ಉತ್ತರ: ತಾನಾಗಿಯೇ ಬರುವುದಿಲ್ಲ. ಪ್ರತಿ ವರ್ಷವೂ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣದ ಅರ್ಜಿ ಸಲ್ಲಿಸಬೇಕು. ಹಿಂದಿನ ವರ್ಷದ ಪರೀಕ್ಷೆಯಲ್ಲಿ ಕನಿಷ್ಠ ಶೇ 50 ಅಂಕ ಮತ್ತು ತರಗತಿಗಳಲ್ಲಿ ಶೇ 75 ಹಾಜರಾತಿ ಇರಬೇಕು. ನೀವು ಅರ್ಜಿಯನ್ನು ಸಲ್ಲಿಸಿದ್ದೇ ಆದರೆ, ಅದು ಎಲ್ಲಿ ನಿಂತಿದೆಯೆಂದು ಪೋರ್ಟಲ್‌ನಲ್ಲೇ ನೋಡಬಹುದು. ಮೊದಲ ಹಂತದ ಪರಿಶೀಲನೆ ಮಾಡುವವರು ನಿಮ್ಮ ಕಾಲೇಜಿನ ನೋಡಲ್ ಅಧಿಕಾರಿ. ದೋಷವಿದೆಯೆಂದು ಅವರು ಹಿಂದಿರುಗಿಸಿದ ಅರ್ಜಿಯನ್ನು ಕೊನೆಯ ದಿನಾಂಕದೊಳಗೆ ತಿದ್ದಿ ಮತ್ತೆ ಸಲ್ಲಿಸದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಸಲ್ಲಿಸಿದ ಮೇಲೂ ಆಗಾಗ ನೋಡುತ್ತಿರಬೇಕು.

ಪ್ರಶ್ನೆ: ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ಅರ್ಜಿ ಮಂಜೂರಾಗಿದೆ ಎಂದು ತೋರಿಸುತ್ತಿದೆ. ನನ್ನ ಖಾತೆಗೆ ಹಣ ಮಾತ್ರ ಬಂದಿಲ್ಲ. (ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಮಂಜೂರಾಗಿರುವುದರಿಂದ ನಿಮ್ಮ ಅರ್ಹತೆಯ ಬಗ್ಗೆ ಸಂಶಯ ಬೇಡ. ಹಣ ಹೋಗುವುದು ನೀವು ದಿನವೂ ಬಳಸುವ ಖಾತೆಗಲ್ಲ, ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ದಾಖಲೆಯಲ್ಲಿ ನಿಮ್ಮ ಆಧಾರ್ ಸಂಖ್ಯೆಗೆ ಜೋಡಣೆಯಾಗಿರುವ ಖಾತೆಗೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗಿರುವುದಿಲ್ಲ. ನೇರ ನಗದು ವರ್ಗಾವಣೆಗಾಗಿ ಜೋಡಿಸಿ ಎಂದು ಪ್ರತ್ಯೇಕ ಒಪ್ಪಿಗೆ ಬರೆದುಕೊಡಬೇಕು. ಎರಡು ಬ್ಯಾಂಕುಗಳಲ್ಲಿ ಖಾತೆಯಿದ್ದರೆ, ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಬಂದಿರುತ್ತದೆ. ಶಾಲೆಯಲ್ಲಿದ್ದಾಗ ತೆರೆದ ಹಳೆಯ ಪಾಸ್‌ಬುಕ್ಕನ್ನು ಹುಡುಕಿ, ಅದರಲ್ಲಿ ಜಮೆ ನಮೂದಿಸಿಕೊಂಡು ನೋಡಿ. ಹಲವರ ಹಣ ಅಂಥ ಖಾತೆಯಲ್ಲೇ ಇರುತ್ತದೆ. ಆ ಖಾತೆ ವಹಿವಾಟಿಲ್ಲದೆ ಸ್ಥಗಿತವಾಗಿದ್ದರೆ ಶಾಖೆಗೆ ಹೋಗಿ ಗುರುತಿನ ದಾಖಲೆ ಕೊಟ್ಟು ಮತ್ತೆ ಚಾಲ್ತಿಗೊಳಿಸಿ.

ಹೆಸರನ್ನೂ ಒಮ್ಮೆ ಹೋಲಿಸಿ ನೋಡಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಕೊನೆಯಲ್ಲಿದ್ದು, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು ಬಂದಿದ್ದರೆ ಮುಂದಿನ ವರ್ಷದ ಅರ್ಜಿಯಲ್ಲಿ ತೊಡಕಾಗಬಹುದು. ಅದನ್ನು ಈಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿರುವವರಿಗೆ ಕೇಂದ್ರದ ಪ್ರತಿಭಾ ವೇತನ ಇದೆಯೇ? (ಓದುಗರು, ಮಂಡ್ಯ)

ಉತ್ತರ: ಇಲ್ಲ. ದೂರಶಿಕ್ಷಣ, ಅಂಚೆ ಶಿಕ್ಷಣ ಮತ್ತು ಡಿಪ್ಲೊಮಾ ಕೋರ್ಸುಗಳನ್ನು ಈ ಯೋಜನೆಯಿಂದ ಹೊರಗಿಡಲಾಗಿದೆ. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪೂರ್ಣಾವಧಿಯಾಗಿ ತರಗತಿಗೆ ಹೋಗಿ ಪದವಿ ಓದುವವರಿಗೆ ಮಾತ್ರ ಇದು ಅನ್ವಯಿಸುತ್ತದೆ.