ಬ್ರಿಟನ್ನಿನ ಸಮುದ್ರ ಮೀನುಗಾರಿಕೆ ರಾಷ್ಟ್ರೀಯ ಉದ್ಯಮವಾಗಿ ಬೆಳೆದದ್ದು ಹೇಗೆ, ಕುಸಿದದ್ದು ಏಕೆ?

ಬೆಳವಣಿಗೆಗೆ ಕಾರಣವೇನೆಂದು ಕೇಳಿದರೆ ನಾನು ದೋಣಿಗಿಂತ ಮೊದಲು ರೈಲನ್ನು ಹೆಸರಿಸುತ್ತೇನೆ. ಹಸಿ ಮೀನು ಬೇಗ ಕೆಡುವುದರಿಂದ 19ನೇ ಶತಮಾನದ ಆರಂಭದಲ್ಲಿ ಅದರ ಮಾರುಕಟ್ಟೆ ಬಹುಮಟ್ಟಿಗೆ ಕರಾವಳಿಯ ಆಸುಪಾಸಿಗೆ ಸೀಮಿತವಾಗಿತ್ತು. ಪೂರ್ವ ಕರಾವಳಿಯ ಬಂದರುಗಳ ಪೈಕಿ 1840ರಲ್ಲಿ ಹಲ್ ಪಟ್ಟಣಕ್ಕೂ 1848ರಲ್ಲಿ ಗ್ರಿಮ್ಸ್‌ಬಿಗೂ ರೈಲು ಬಂದ ಮೇಲೆ, ಉತ್ತರ ಸಮುದ್ರದಲ್ಲಿ ಹಿಡಿದ ಮೀನು ಮಂಜುಗಡ್ಡೆಯೊಂದಿಗೆ ಲಂಡನ್, ಮ್ಯಾಂಚೆಸ್ಟರ್‌ಗಳನ್ನು ತಾಜಾ ಸ್ಥಿತಿಯಲ್ಲೇ ತಲುಪತೊಡಗಿತು. ಕಾರ್ಮಿಕರ ಅಗ್ಗದ ಊಟವಾದ ಫಿಶ್ ಅಂಡ್ ಚಿಪ್ಸ್ (ಕರಿದ ಮೀನು ಮತ್ತು ಆಲೂಗಡ್ಡೆ) ಬೇಡಿಕೆಯನ್ನು ಇನ್ನಷ್ಟು ಹೆಚ್ಚಿಸಿತು. 1881ರಲ್ಲಿ ಗ್ರಿಮ್ಸ್‌ಬಿಯ 'ಝೋಡಿಯಾಕ್' ಎಂಬ ಉಗಿ ಟ್ರಾಲರ್ (ದೊಡ್ಡ ಬಲೆಯನ್ನು ಎಳೆಯುತ್ತ ಮೀನು ಹಿಡಿಯುವ ಹಡಗು) ಬಂದ ನಂತರ ಹಾಯಿದೋಣಿಗಳು ಕ್ರಮೇಣ ಹಿಂದೆ ಸರಿದವು, ಹತ್ತಿರದ ನೆಲೆಗಳಲ್ಲಿ ಮೀನು ಕಡಿಮೆಯಾದಂತೆ ಹಡಗುಗಳು ಐಸ್‌ಲ್ಯಾಂಡ್ ಮತ್ತು ಬ್ಯಾರೆಂಟ್ಸ್ ಸಮುದ್ರದವರೆಗೂ ಹೋದವು.

ಹೆರಿಂಗ್ ಮೀನಿನ ವ್ಯಾಪಾರದ ಕತೆ ಬೇರೆ. ಜರ್ಮನಿ, ರಷ್ಯಾಗಳನ್ನೇ ಬಹುವಾಗಿ ನೆಚ್ಚಿದ್ದ ಆ ರಫ್ತು ಮೊದಲ ಮಹಾಯುದ್ಧದ ಬಳಿಕ ಹಳೆಯ ಮಟ್ಟಕ್ಕೆ ಮರಳಲಿಲ್ಲ.

ಕುಸಿತಕ್ಕೆ ಯುರೋಪಿನ ಸಾಮಾನ್ಯ ಮೀನುಗಾರಿಕಾ ನೀತಿಯೊಂದನ್ನೇ, ಅಂದರೆ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶಗಳ ಮೀನುಗಾರಿಕೆಗಿರುವ ಸಮಾನ ನಿಯಮಗಳನ್ನೇ, ದೂಷಿಸುವ ರೂಢಿಯಿದೆ. ಅದು ಅರ್ಧಸತ್ಯವೆಂದು ನನ್ನ ಅಭಿಪ್ರಾಯ. ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆಯ ಗಡಿಯನ್ನು 1958ರಲ್ಲಿ 12, 1972ರಲ್ಲಿ 50, 1975ರಲ್ಲಿ 200 ನಾಟಿಕಲ್ ಮೈಲಿಗೆ ವಿಸ್ತರಿಸಿ, ಗಡಿ ದಾಟಿದ ಟ್ರಾಲರ್‌ಗಳ ಬಲೆಗಳನ್ನು ತನ್ನ ಕಾವಲು ಹಡಗುಗಳಿಂದ ಕತ್ತರಿಸಿಹಾಕಿತು. ಬ್ರಿಟನ್ ಯುದ್ಧನೌಕೆಗಳನ್ನೇ ಕಳುಹಿಸಿತಾದರೂ, ಐಸ್‌ಲ್ಯಾಂಡಿನಲ್ಲಿದ್ದ ನ್ಯಾಟೋ (ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟ) ನೆಲೆ ಕೈತಪ್ಪೀತೆಂಬ ಆತಂಕ ಆ ಪುಟ್ಟ ದೇಶದ ಕೈಯನ್ನು ಬಲಪಡಿಸಿತ್ತು. 1976ರ ಒಪ್ಪಂದದೊಂದಿಗೆ ಬ್ರಿಟನ್ ಮಣಿಯಿತು. ಹಲ್, ಗ್ರಿಮ್ಸ್‌ಬಿ ಮತ್ತು ಫ್ಲೀಟ್‌ವುಡ್‌ನ ದೂರಸಮುದ್ರ ಟ್ರಾಲರ್‌ಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕೆಲಸವಿಲ್ಲದೆ ನಿಂತವು.