ಬಂದರಿನಲ್ಲಿ ಸರಿಯಾಗಿ ಓಡುವ ಹಾಯಿದೋಣಿಯ ಹಳೇ ಡೀಸೆಲ್ ಎಂಜಿನ್ ಅಲೆಗಳ ನಡುವೆ ನಿಂತುಹೋಗುವುದೇಕೆ?

ಮೊದಲು ಅನುಮಾನಿಸಬೇಕಾದದ್ದು ಎಂಜಿನ್ನನ್ನಲ್ಲ, ಟ್ಯಾಂಕನ್ನು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆ ಬೆವರಿ ನೀರು ತಳಕ್ಕಿಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ದೋಣಿ ಹೊಯ್ದಾಡಿದಾಗ ಅದೆಲ್ಲ ಕದಡಿ ಫಿಲ್ಟರ್‌ಗೆ ಮೆತ್ತಿಕೊಂಡು ಎಂಜಿನ್ ಉಸಿರುಗಟ್ಟುತ್ತದೆ.

ಫಿಲ್ಟರ್ ಬಟ್ಟಲಿನಿಂದ ಸ್ವಲ್ಪ ಡೀಸೆಲ್ ಗಾಜಿನ ಬಾಟಲಿಗೆ ಇಳಿಸಿ, ಅರ್ಧ ಗಂಟೆ ಬಿಟ್ಟು ನೋಡಿ. ತಳದಲ್ಲಿ ನೀರಿನ ಪದರ, ಅದರ ಮೇಲೆ ಕಪ್ಪು ಎಳೆಗಳು ಕಂಡರೆ ಟ್ಯಾಂಕ್ ತೊಳೆಸಲೇಬೇಕು. ಬರೀ ಫಿಲ್ಟರ್ ಬದಲಿಸಿದರೆ ಮುಂದಿನ ಬಿರುಗಾಳಿಗೆ ಮತ್ತದೇ ಕಥೆ.

ಹೊಸ ಫಿಲ್ಟರ್ ಹಾಕಿದ ಮೇಲೆ ಡೀಸೆಲ್ ದಾರಿಯಲ್ಲಿ ಸೇರಿದ ಗಾಳಿ ತೆಗೆಯಬೇಕು. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಟ್ಯಾಂಕಿನಿಂದ ಡೀಸೆಲ್ ಎತ್ತುವ ಲಿಫ್ಟ್ ಪಂಪಿನ ಸಣ್ಣ ಹಿಡಿಯನ್ನು ಒತ್ತುತ್ತಿರಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ ಬಿಗಿ ಮಾಡಿ.

ಇಲ್ಲೊಂದು ಮಾತು ದಯವಿಟ್ಟು ಮರೆಯಬೇಡಿ. ಸ್ಟಾರ್ಟ್ ಆಗದ ಎಂಜಿನ್ನನ್ನು ಪದೇಪದೇ ಕ್ರ್ಯಾಂಕ್ ಮಾಡುವಾಗ, ಅಂದರೆ ಸ್ಟಾರ್ಟರ್‌ನಿಂದ ತಿರುಗಿಸುವಾಗ, ಎಂಜಿನ್ ತಂಪಿಸಲು ಸಮುದ್ರದ ನೀರನ್ನು ಒಳಬಿಡುವ ವಾಲ್ವ್ ಮುಚ್ಚಿರಲಿ. ಇಲ್ಲವಾದರೆ ನೀರಿನ ಪಂಪ್ ತಳ್ಳಿದ ನೀರು ಹೊರಹೋಗದೆ ಸೈಲೆನ್ಸರ್ ತುಂಬಿ, ಹಿಂದಕ್ಕೆ ಸಿಲಿಂಡರಿಗೇ ನುಗ್ಗಬಹುದು. ಒಳ್ಳೆಯ ಎಂಜಿನ್‌ಗಳು ಹಾಗೆಯೇ ಹಾಳಾಗಿವೆ. ಎಂಜಿನ್ ಹೊತ್ತಿಕೊಂಡ ತಕ್ಷಣ ವಾಲ್ವ್ ತೆರೆಯಿರಿ, ನೀರಿಲ್ಲದ ಒಣ ಓಟಕ್ಕೆ ಆ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ (ರೆಕ್ಕೆಗಳ ಚಕ್ರ) ಬೇಗನೆ ಹರಿದುಹೋಗುತ್ತದೆ.

ಇಂಪೆಲ್ಲರನ್ನು ವರ್ಷಕ್ಕೊಮ್ಮೆ ಬದಲಿಸಿ. ಅದರ ಒಂದು ರೆಕ್ಕೆ ಮುರಿದಿದ್ದರೆ ತುಂಡನ್ನು ಹುಡುಕಿ ತೆಗೆಯಿರಿ, ಅದು ಮುಂದೆಲ್ಲೋ ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಎಂಜಿನ್ನಿನ ಲೋಹದ ಬದಲು ತಾನೇ ಸವೆಯುವ ಸತುವಿನ ತುಂಡು, ಅಂದರೆ ಆನೋಡ್, ಇರುವ ಎಂಜಿನ್ನಾದರೆ, ಅದು ಅರ್ಧ ಸವೆದಾಗಲೇ ಹೊಸದು ಹಾಕಿ.